ಬಳಪದ ಕಲ್ಲಿನ ಮೇಲೆ ನೀಲಿ ಹೂವು

ಹಿರೇಹಡಗಲಿಯ ಕಲ್ಲೇಶ್ವರ ಗುಡಿಯ ಬಾಗಿಲವಾಡದ ಎದುರು ನಿಂತರೆ, ಕಲ್ಲಿನಲ್ಲಿ ಇಷ್ಟು ನಾಜೂಕಾದ ಬಳ್ಳಿ ಹೇಗೆ ಹಬ್ಬಿತು ಎಂದು ಬೆರಗಾಗುತ್ತದೆ. ಶಿಲ್ಪಿಯ ಕೈಗುಣದ ಜೊತೆಗೆ ಕಲ್ಲಿನ ಗುಣವೂ ಅಲ್ಲಿ ದುಡಿದಿದೆ. ಮೆತ್ತನೆಯ ಬಳಪದ ಕಲ್ಲು ಉಳಿಗೆ ಬೇಗ ಒಲಿಯುತ್ತದೆ. 11ನೇ ಶತಮಾನದ ಈ ಗುಡಿಯಲ್ಲೂ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲೂ ಕಲ್ಯಾಣ ಚಾಲುಕ್ಯರ ಕಾಲದ ಕುಶಲಿಗರು ನೆಚ್ಚಿದ್ದು ಅದನ್ನೇ. ಅದೇ ಬಳಗದ ಕಲ್ಲು 18ನೇ ಶತಮಾನದ ಇಂಗ್ಲೆಂಡಿನಲ್ಲಿ ಪುಡಿಯಾಗಿ, ಬೆಂಕಿಯಲ್ಲಿ ಬೆಂದು, ಹೂವು ಬಿಡಿಸಿಕೊಂಡ ಚಹಾ ಬಟ್ಟಲಾಯಿತು.

ಆಗ ಯುರೋಪಿನ ಸಿರಿವಂತರೆಲ್ಲ ಚೀನಾದ ನೀಲಿ-ಬಿಳಿ ಪಿಂಗಾಣಿಗೆ ಮರುಳಾಗಿದ್ದರು. ಈ ಮೋಹ ನಮ್ಮ ಸೀಮೆಗೂ ಹೊಸದಲ್ಲ. ಹಂಪಿಯ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಇಂಗ್ಲೆಂಡಿನವರು ತಾವೇ ಮಾಡಹೊರಟರು. ಆದರೆ ಅಲ್ಲಿನ ಹಲವು ಕಾರ್ಖಾನೆಗಳ ಪಾತ್ರೆಗಳು ಕುದಿಯುವ ನೀರು ಬಿದ್ದರೆ ಸೀಳು ಬಿಡುತ್ತಿದ್ದವು. ವೈದ್ಯ ಜಾನ್ ವಾಲ್ ಮತ್ತು ಸಂಗಡಿಗರು 1751ರಲ್ಲಿ ಕಟ್ಟಿದ ವೂಸ್ಟರ್ ಕಾರ್ಖಾನೆ, ಮರುವರ್ಷ ಬ್ರಿಸ್ಟಲ್‌ನ ಕಾರ್ಖಾನೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಅದರೊಂದಿಗೆ ಕಾರ್ನ್‌ವಾಲ್‌ನ ಬಳಪದ ಕಲ್ಲನ್ನು ಬೆರೆಸುವ ಗುಟ್ಟೂ ಕೈಸೇರಿತು. ವೂಸ್ಟರ್ ಬಟ್ಟಲು ಬಿಸಿ ತಾಳಿತು.

ಚಿತ್ರ ಬರೆಯುವ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಸೆಳೆಯುವುದು ನೀಲಿ. ಒಮ್ಮೆ ಸುಟ್ಟ, ಇನ್ನೂ ಮೆರುಗು ಕಾಣದ ಬಟ್ಟಲು ಕುಂಚ ತಾಗಿದೊಡನೆ ಬಣ್ಣವನ್ನು ಹೀರಿಬಿಡುತ್ತದೆ. ಗೆರೆ ತಪ್ಪಿದರೆ ಒರೆಸುವಂತಿಲ್ಲ. ಮೇಲಾಗಿ ಕೋಬಾಲ್ಟ್ ಬಣ್ಣ ಆ ಹೊತ್ತಿನಲ್ಲಿ ನೀಲಿಯಾಗಿ ಕಾಣುವುದೇ ಇಲ್ಲ, ಮಸಿಯಂತೆ ಕಪ್ಪಗಿರುತ್ತದೆ. ಎಲೆಯ ತುದಿ ತಿಳಿಯಾಗಬೇಕೋ, ಹೂವಿನ ಒಡಲು ಗಾಢವಾಗಬೇಕೋ ಎಂಬುದನ್ನು ಕಲಾವಿದ ಆ ಕಪ್ಪಿನಲ್ಲೇ ಅಂದಾಜು ಮಾಡಬೇಕು. ಮೆರುಗಿನಲ್ಲಿ ಅದ್ದಿ ಮತ್ತೆ ಸುಟ್ಟ ಮೇಲಷ್ಟೇ ನೀಲಿ ಏಳುತ್ತದೆ. ಹೀಗೆ ದುಡಿದ ಬಹುಪಾಲು ಕೈಗಳ ಹೆಸರು ಉಳಿದಿಲ್ಲ. ತಳದಲ್ಲಿ ಹಾಕಿದ ಪುಟ್ಟ ಗುರುತುಗಳಷ್ಟೇ ಉಳಿದಿವೆ.

ಕೆಂಪು, ಹಸಿರು, ಗುಲಾಬಿ ಬಣ್ಣಗಳ ದಾರಿ ಬೇರೆ. ಲೋಹದ ಬಣ್ಣವನ್ನು ಗಾಜಿನ ಪುಡಿಯೊಡನೆ ಅರೆದು, ಎಣ್ಣೆಯಲ್ಲಿ ಕಲಸಿ, ಮೆರುಗಿನ ಮೇಲೆ ಬಿಡಿಸಿ, ಕಡಿಮೆ ಕಾವಿನಲ್ಲಿ ಇನ್ನೊಮ್ಮೆ ಸುಡುತ್ತಿದ್ದರು. ಹಸಿರಿಗೆ ತಾಮ್ರ, ಕೆಂಪಿಗೆ ಕಬ್ಬಿಣ, ಗುಲಾಬಿಗೆ ಚಿನ್ನ. ಅಂಚಿಗೆ ಹಚ್ಚುವ ಚಿನ್ನವನ್ನು ಜೇನುತುಪ್ಪದಲ್ಲಿ ಅರೆಯುತ್ತಿದ್ದರು. ಲಂಡನ್ನಿನ ಜೇಮ್ಸ್ ಗೈಲ್ಸ್ ವೂಸ್ಟರ್‌ನಿಂದ ಬಿಳಿ ಪಾತ್ರೆ ತರಿಸಿ ತನ್ನ ಕಾರ್ಯಾಗಾರದಲ್ಲೇ ಚಿತ್ರ ಬರೆಸಿ ಮಾರುತ್ತಿದ್ದ.

1757ರ ಹೊತ್ತಿಗೆ ರಾಬರ್ಟ್ ಹ್ಯಾನ್ಕಾಕ್ ತಾಮ್ರದ ತಗಡಿನಲ್ಲಿ ಕೊರೆದ ಚಿತ್ರಗಳನ್ನು ಕಾಗದದ ಮೂಲಕ ವೂಸ್ಟರ್ ಪಾತ್ರೆಗಳಿಗೆ ಇಳಿಸತೊಡಗಿದ್ದ. ಒಂದೇ ಚಿತ್ರ ನೂರಾರು ಬಟ್ಟಲುಗಳ ಮೇಲೆ ಕೂತಿತು, ಬೆಲೆ ಇಳಿಯಿತು. ಕುಂಚ ಮಾತ್ರ ಸೋಲಲಿಲ್ಲ. ಡರ್ಬಿಯ ವಿಲಿಯಂ ಬಿಲ್ಲಿಂಗ್ಸ್‌ಲಿ ಮೊದಲು ಗುಲಾಬಿಯ ತುಂಬ ಬಣ್ಣ ಬಳಿದು, ಬಳಿಕ ಬೆಳಕು ಬೀಳುವ ಕಡೆಯಲ್ಲೆಲ್ಲ ಕುಂಚದಿಂದ ಬಣ್ಣವನ್ನು ಎತ್ತಿಬಿಡುತ್ತಿದ್ದ. ಪಕಳೆಯ ಹೊಳಪು ಪಾತ್ರೆಯ ಬಿಳುಪಿನಿಂದಲೇ ಮೂಡುತ್ತಿತ್ತು. ಹ್ಯಾನ್ಕಾಕನ ತಗಡಿಗೆ ಈ ವಿದ್ಯೆ ದಕ್ಕುವಂಥದ್ದಲ್ಲ.