ಊಟಿಯಲ್ಲಿ ಹೂವಿಗಿಂತ ಮೊದಲು ಇಳಿಜಾರು ನೋಡಿ

ಕಾಲೇಜ್ ಟೂರ್ ಅಂದರೆ ಊಟಿ, ಊಟಿ ಅಂದರೆ ಸರ್ಕಾರಿ ಸಸ್ಯೋದ್ಯಾನದ ಹುಲ್ಲುಹಾಸಿನ ಮೇಲೊಂದು ಸೆಲ್ಫಿ. ಆದರೆ ಸಿವಿಲ್ ಓದುವ ನಮ್ಮಂಥವರು ಅಲ್ಲಿ ಮೊದಲು ನೋಡಬೇಕಾದದ್ದು ಇಳಿಜಾರನ್ನು.

ದೊಡ್ಡಬೆಟ್ಟದ ಕೆಳಮೈಯಲ್ಲಿರುವ ಈ ಜಾಗದಲ್ಲಿ 1848ಕ್ಕೆ ಮೊದಲು ಮೇಲೆ ಕಡಿದಾದ ಕಾಡು, ಕೆಳಗೆ ಜೌಗು, ನಡುವೆ ಆಳದ ಕೊರಕಲುಗಳಿದ್ದವು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ್ದ ವಿಲಿಯಂ ಮೆಕೈವರ್ ಆ ವರ್ಷ ಇಲ್ಲಿಗೆ ಬಂದರು. ಜೌಗಿನ ನೀರು ಹರಿದುಹೋಗುವಂತೆ ಮಾಡಿ, ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಸಮ ಮಾಡಿಸಲು ವರ್ಷಗಳೇ ಹಿಡಿದವು. ಇಂದು ಸುಮಾರು 22 ಹೆಕ್ಟೇರ್‌ನಲ್ಲಿ ಕಾಣುವ ಇಂಗ್ಲಿಷ್ ಹುಲ್ಲುಹಾಸು, ಇಟಾಲಿಯನ್ ಹೂದೋಟ, ಗಾಜಿನ ಮನೆ ಎಲ್ಲವೂ ನಿಂತಿರುವುದು ಆ ಕೆಲಸದ ಮೇಲೆ. ಅದರ ಫೋಟೊ ಮಾತ್ರ ಯಾರೂ ತೆಗೆಯುವುದಿಲ್ಲ.

ನಮ್ಮ ಜಿಡಗಾ ಕಡೆಯ ತೊಗರಿ ಹೊಲಗಳ ಪಾಠವೂ ಇದೇ. ಜೋರು ಮಳೆಗೆ ಒಡ್ಡು ಒಡೆದರೆ ಮೇಲ್ಮಣ್ಣು ಹಳ್ಳದ ಪಾಲು. ಒಡ್ಡು ನಿಂತರೆ ಮಣ್ಣೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.

ಪ್ಲೇಸ್‌ಮೆಂಟ್ ಪಟ್ಟಿ ನೋಡಿ 'ಸಿವಿಲ್ ಯಾಕಪ್ಪಾ ತಗೊಂಡಿ?' ಎನ್ನುವ ಗೆಳೆಯರೇ, ನೀರಿಗೆ ದಾರಿ ತೋರಿಸಿ ಮಣ್ಣು ಹಿಡಿದಿಡಬಲ್ಲವರು ಊಟಿಗೂ ಬೇಕು, ಆಳಂದಕ್ಕೂ ಬೇಕು.