ಬೆಳಕು, ಮುಖ, ಭಾವಚಿತ್ರ

1840ನೆಯ ಇಸವಿಯಲ್ಲಿ ನ್ಯೂಯಾರ್ಕ್ ನಗರದ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರು ತಮ್ಮ ಸೋದರಿಯನ್ನು ಕ್ಯಾಮರಾದ ಮುಂದೆ ಕುಳ್ಳಿರಿಸಿದರು. ಆಕೆ 65 ಸೆಕೆಂಡುಗಳ ಕಾಲ ಕದಲದೆ ಕುಳಿತಿರಬೇಕಾಯಿತು. ಪ್ರಾಧ್ಯಾಪಕರ ಹೆಸರು ಜಾನ್ ವಿಲಿಯಂ ಡ್ರೇಪರ್. ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದ ಅವರಿಗೆ ಬೆಳಕಿನ ವಿಷಯದಲ್ಲಿ ಅಪಾರ ಕುತೂಹಲವಿದ್ದಿತು. ಅಂದಿನ ಬೆಳ್ಳಿಯ ತಗಡುಗಳು ಬೆಳಕಿಗೆ ಬಹು ಮಂದವಾಗಿ ಪ್ರತಿಕ್ರಿಯೆ ತೋರುತ್ತಿದ್ದುವು. ಆದುದರಿಂದ ಮೊದಮೊದಲು ಅವರು ಕುಳಿತವರ ಮುಖಕ್ಕೆ ಬಿಳಿಯ ಹಿಟ್ಟನ್ನು ಬಳಿದು ನೋಡಿದರು. ಅದು ಅನಾವಶ್ಯಕವೆಂದು ಬೇಗನೆ ಕಂಡುಕೊಂಡು ಬಿಟ್ಟರು. ತಗಡು ನೀಲಿ ಬೆಳಕಿಗೇ ಹೆಚ್ಚಾಗಿ ಸ್ಪಂದಿಸುವುದೆಂದು ಅರಿತು, ಬಿಸಿಲನ್ನು ನೀಲಿಯ ಮಾಧ್ಯಮದ ಮೂಲಕ ಹಾಯಿಸಿ, ಕುಳಿತವರ ಕಣ್ಣಿಗೆ ತಂಪು ನೀಡಿದರು. ಹೀಗೆ ವಿದ್ಯಾಲಯದ ಆವರಣಕ್ಕೂ ಭಾವಚಿತ್ರಕ್ಕೂ ಇರುವ ನಂಟು ಛಾಯಾಚಿತ್ರಣದಷ್ಟೇ ಹಳೆಯದು.

ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿಯೂ ಕ್ಯಾಮರಾ ಉಂಟು. ಆದರೂ ಒಳ್ಳೆಯ ಭಾವಚಿತ್ರ ಅಪರೂಪ. ಇದಕ್ಕೆ ಕಾರಣ ಉಪಕರಣದ ಕೊರತೆಯಲ್ಲ, ಬೆಳಕಿನ ಸ್ವಭಾವವನ್ನು ಕುರಿತ ನಮ್ಮ ಅಲಕ್ಷ್ಯ. ಈ ಮಾತನ್ನು ನಾವು ಸ್ವಂತ ತಪ್ಪಿನಿಂದಲೇ ಕಲಿತೆವು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಾವು ಎಂ.ಎಸ್ಸಿ. ಓದುತ್ತಿದ್ದಾಗ, ಕೊನೆಯ ವರ್ಷದ ಮಾರ್ಚ್ ತಿಂಗಳಲ್ಲಿ, ಹಳ್ಳಿಯಿಂದ ಬಂದಿದ್ದ ಗೆಳೆಯನೊಬ್ಬನು ಊರಿಗೆ ಕಳುಹಿಸಲು ತನ್ನದೊಂದು ಚಿತ್ರ ತೆಗೆದುಕೊಡಬೇಕೆಂದು ಕೇಳಿದನು. ಎರವಲು ತಂದಿದ್ದ ಕ್ಯಾಮರಾವನ್ನು ಎರಡು ಗಂಟೆಗೆ ಹಿಂದಿರುಗಿಸಬೇಕಾಗಿದ್ದಿತು. ನಡುಹಗಲಿನಲ್ಲಿ, ಬಿಳಿಯ ಗೋಡೆಯೊಂದರ ಮುಂದೆ ಅವನನ್ನು ನಿಲ್ಲಿಸಿ ಚಿತ್ರ ತೆಗೆದೆವು. ಗೋಡೆ ಚೆನ್ನಾಗಿ ಬಂದಿದ್ದಿತು. ಗೆಳೆಯನ ಕಣ್ಣುಗಳಿದ್ದ ಕಡೆ ಎರಡು ಕಪ್ಪು ಗುಂಡಿಗಳು ಮಾತ್ರ ಇದ್ದುವು. ಗಣಕಯಂತ್ರದಲ್ಲಿ ಮುಖವನ್ನು ಬೆಳಗಿಸಿದೆವು. ಅದು ಬೂದಿ ಬಳಿದಂತಾಯಿತು. ಅವನು ಬಹಳ ಹೊತ್ತು ನೋಡಿ, "ಚೆನ್ನಾಗಿದೆಯಪ್ಪಾ, ಆದರೆ ನಮ್ಮಮ್ಮನಿಗೆ ಗುರುತು ಸಿಗಬೇಕಲ್ಲ" ಎಂದನು.

ನಾವು ಮಾಡಿದ ತಪ್ಪುಗಳು ಯಾವುವು? ಒಂದೊಂದಾಗಿ ವಿಚಾರಿಸೋಣ.

ಹೊತ್ತಿನ ಆಯ್ಕೆ

ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದುದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ 23ರ ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ, ಸೂರ್ಯನು ನಡುಹಗಲಿನಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಮಾರ್ಚ್ 21ರ ಸುಮಾರಿನಲ್ಲಿಯೂ ಅವನ ಎತ್ತರ 78 ಡಿಗ್ರಿಯಷ್ಟಿರುತ್ತದೆ. ಅಂಥ ಬೆಳಕಿಗೆ ಹುಬ್ಬಿನ ಮೂಳೆಯೇ ಒಂದು ಸೂರು. ಕಣ್ಣು ಆ ಸೂರಿನ ನೆರಳಿನಲ್ಲಿ ಅಡಗುವುದು.

ಅಂದಿನ ನಡುಹಗಲು ಗಡಿಯಾರದ ಹನ್ನೆರಡು ಗಂಟೆಯಲ್ಲ, ಸುಮಾರು ಹನ್ನೆರಡೂವರೆ. ಭಾರತದ ಕಾಲಮಾನವನ್ನು 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದೆ. ಮೈಸೂರು ಅದಕ್ಕಿಂತ ಸುಮಾರು 6 ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯನು ಇಪ್ಪತ್ತಮೂರು ನಿಮಿಷ ತಡವಾಗಿ ಬರುತ್ತಾನೆ. ಉಳಿದ ಏಳು ನಿಮಿಷಗಳು ಭೂಮಿಯ ಪಥ ಮತ್ತು ಅಕ್ಷದ ವಾಲಿಕೆಯಿಂದ ಉಂಟಾಗುವ ವ್ಯತ್ಯಾಸ.

ಸಂಜೆ ಸೂರ್ಯನು 20 ಡಿಗ್ರಿಗಿಂತ ಕೆಳಗಿಳಿದ ಮೇಲೆ ಬೆಳಕು ಮುಖದ ಮೇಲೆ ಪಕ್ಕದಿಂದ ಬೀಳುವುದು. ವಾಯುಮಂಡಲದಲ್ಲಿ ಅದು ಬಹುದೂರ ಸಾಗಬೇಕಾಗಿರುವುದರಿಂದ ನೀಲಿಯ ಭಾಗ ಚದರಿಹೋಗಿ ಹೊಂಬಣ್ಣ ಉಳಿಯುವುದು. ಆದರೆ ನಮ್ಮ ನಾಡಿನಲ್ಲಿ ಈ ಹೊತ್ತು ಬಹು ಚಿಕ್ಕದು. ವಿಷುವದ ದಿನಗಳಲ್ಲಿ ಮೈಸೂರಿನ ಸೂರ್ಯನು ದಿಗಂತದ ಬಳಿ ಗಂಟೆಗೆ 14.7 ಡಿಗ್ರಿಯಂತೆ ಇಳಿದರೆ, ಲಂಡನ್ನಿನಲ್ಲಿ ಸುಮಾರು 9.3 ಡಿಗ್ರಿಯಂತೆ ಇಳಿಯುತ್ತಾನೆ. ಕೊನೆಯ 6 ಡಿಗ್ರಿಗಳನ್ನು ದಾಟಲು ಅಲ್ಲಿ 39 ನಿಮಿಷ ಬೇಕು. ಇಲ್ಲಿ 25 ನಿಮಿಷ ಸಾಕು. ವಿದೇಶದ ಪುಸ್ತಕಗಳನ್ನು ಓದಿ 'ಇನ್ನೂ ಹೊತ್ತಿದೆ' ಎಂದು ಕುಳಿತವನಿಗೆ ಕತ್ತಲೆಯೇ ಗತಿ.

ಹೊತ್ತನ್ನು ಅಳೆಯಲು ಒಂದು ಕೋಲು ಸಾಕು. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕೋಲಿನಷ್ಟೇ ಉದ್ದವಿದ್ದರೆ ಸೂರ್ಯನ ಎತ್ತರ 45 ಡಿಗ್ರಿ. ನೆರಳು ಕೋಲಿನ ಎರಡೂಮುಕ್ಕಾಲರಷ್ಟು ಆದಾಗ 20 ಡಿಗ್ರಿ. ಆಗ ಕ್ಯಾಮರಾ ಹೊರತೆಗೆಯಬಹುದು.

ನೆರಳಿನ ಆಯ್ಕೆ

ಹಗಲಿನಲ್ಲಿಯೇ ಚಿತ್ರ ತೆಗೆಯಬೇಕಾದರೆ ನೆರಳನ್ನು ಆಶ್ರಯಿಸಬೇಕು. ಎಂಥ ನೆರಳು? ಸೂರ್ಯಬಿಂಬವು ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಮಾತ್ರ ಅಗಲವಾಗಿರುವುದರಿಂದ ಅದರ ನೇರ ಬೆಳಕು ಚೂಪಾದ ನೆರಳುಗಳನ್ನು ಹಾಕುತ್ತದೆ. ಕಟ್ಟಡದ ನೆರಳಿನಲ್ಲಿ ನಿಂತವನಿಗೆ ಬೆಳಕು ಬರುವುದು ವಿಶಾಲವಾದ ಆಕಾಶದಿಂದ. ಅಗಲವಾದ ಮೂಲದ ಬೆಳಕು ಮುಖದ ಉಬ್ಬುತಗ್ಗುಗಳನ್ನು ಸುತ್ತಿಬರುವುದು. ನೆರಳಿನ ಅಂಚುಗಳು ಮೃದುವಾಗುವುವು. ಈ ಬೆಳಕಿನಲ್ಲಿ ತುಸು ನೀಲಿ ಹೆಚ್ಚು. ಕ್ಯಾಮರಾದ ಬಣ್ಣದ ಹೊಂದಾಣಿಕೆಯನ್ನು 'ನೆರಳು' ಎಂಬಲ್ಲಿಗೆ ತಿರುಗಿಸಿದರೆ ಅದು ಸರಿಹೋಗುವುದು.

ಮರದ ನೆರಳು ಮಾತ್ರ ಮೋಸ ಮಾಡಬಲ್ಲುದು. ಎಲೆಗಳ ಸಂದಿಯಿಂದ ಇಳಿಯುವ ದುಂಡನೆಯ ಬಿಸಿಲ ಚುಕ್ಕೆಗಳನ್ನು ಓದುಗರೆಲ್ಲರೂ ನೋಡಿದ್ದಾರೆ. ಸಂದಿಗಳು ಅಂಕುಡೊಂಕಾಗಿದ್ದರೂ ಚುಕ್ಕೆಗಳು ದುಂಡಗಿರುವುದೇಕೆ? ಪ್ರತಿಯೊಂದು ಸಂದಿಯೂ ಒಂದು ಸೂಜಿರಂಧ್ರದ ಕ್ಯಾಮರಾ. ಪ್ರತಿಯೊಂದು ಚುಕ್ಕೆಯೂ ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಗ್ರಹಣದಂದು ಮರದಡಿಯಲ್ಲಿ ನಿಂತಿದ್ದವರು ಈ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳಿದುದನ್ನು ಕಂಡಿರಬಹುದು. ಎಲೆಗಳು 5 ಮೀಟರು ಮೇಲಿದ್ದರೆ ಬಿಂಬದ ಅಗಲ ಸುಮಾರು 5 ಸೆಂಟಿಮೀಟರು. ಭೌತಶಾಸ್ತ್ರಕ್ಕೆ ಸೊಗಸಾದ ಈ ದೃಶ್ಯ ಗೆಳೆಯನ ಕೆನ್ನೆಯ ಮೇಲೆ ಬಿದ್ದರೆ ಸೊಗಸಲ್ಲ. ದಟ್ಟವಾದ ನೆರಳಿನ ಮರವನ್ನೇ ಆರಿಸಬೇಕು. ಹುಲ್ಲುಹಾಸಿನ ಮೇಲೆ ಕುಳ್ಳಿರಿಸುವಾಗಲೂ ಎಚ್ಚರ ಬೇಕು. ಬಿಸಿಲು ಬಿದ್ದ ಹುಲ್ಲು ಗದ್ದದ ಕೆಳಗೆ ಹಸುರನ್ನು ಚೆಲ್ಲುವುದು.

ಎಲ್ಲಕ್ಕಿಂತ ಉತ್ತಮವಾದುದು ಜಗಲಿ. ಜಗಲಿಯ ಅಂಚಿನಿಂದ ಒಂದೆರಡು ಹೆಜ್ಜೆ ಒಳಗೆ ನಿಲ್ಲಿಸಿ ಮುಖವನ್ನು ಹೊರಕ್ಕೆ ತಿರುಗಿಸಿದರೆ ಮೇಲಿನ ಬೆಳಕನ್ನು ಮಾಡು ತಡೆಯುವುದು, ಮುಂದಿನ ಬೆಳಕು ಕಣ್ಣಿನವರೆಗೆ ಬರುವುದು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಸುಮಾರು 8 ಮಿಲಿಮೀಟರು ತ್ರಿಜ್ಯದ ಒಂದು ಪೀನದರ್ಪಣ. ಹೊರಗಿನ ಆಕಾಶವು ಅದರಲ್ಲಿ ಪುಟ್ಟ ಬಿಳಿಯ ಬಿಂಬವಾಗಿ ಮೂಡಿದಾಗಲೇ ಚಿತ್ರದ ಕಣ್ಣಿಗೆ ಜೀವ ಬಂದಂತೆ ತೋರುವುದು. ನೆರಳಿನ ಕೆನ್ನೆಗೆ ಬೆಳಕು ಸಾಲದಿದ್ದರೆ ಒಗೆದ ಬಿಳಿಯ ಪಂಚೆಯೊಂದನ್ನು ಆ ಕಡೆ ಹಿಡಿಸಿದರೆ ಸಾಕು.

ದೂರದ ಆಯ್ಕೆ

ಕೈಚಾಚಿ ತೆಗೆದ ಚಿತ್ರಗಳಲ್ಲಿ ಮೂಗು ದಪ್ಪವಾಗಿಯೂ ಕಿವಿಗಳು ಹಿಂದೆ ಸರಿದಂತೆಯೂ ಕಾಣುವುದುಂಟು. ಇದು ಮಸೂರದ ದೋಷವೆಂದು ಹಲವರು ಭಾವಿಸುತ್ತಾರೆ. ನಿಜವಾಗಿ ಇದು ದೂರದ ಪರಿಣಾಮ. ಮೂಗಿನ ತುದಿಗೂ ಕಿವಿಗೂ 10 ಸೆಂಟಿಮೀಟರು ಅಂತರವೆಂದು ಇಟ್ಟುಕೊಳ್ಳೋಣ. ಕ್ಯಾಮರಾ ಮೂಗಿನಿಂದ 30 ಸೆಂಟಿಮೀಟರು ದೂರದಲ್ಲಿದ್ದರೆ ಕಿವಿಗೆ ಹೋಲಿಸಿದಾಗ ಮೂಗು 40ಕ್ಕೆ 30ರಂತೆ, ಅಂದರೆ ಮೂರನೆಯ ಒಂದು ಪಾಲು ಹಿಗ್ಗಿ ಕಾಣುವುದು. 2 ಮೀಟರು ದೂರದಿಂದ ಈ ಹಿಗ್ಗುವಿಕೆ ನೂರಕ್ಕೆ 5 ಮಾತ್ರ. ಆದುದರಿಂದ ಎರಡು ಮೀಟರು ಹಿಂದೆ ನಿಂತು, ಉದ್ದ ನಾಭಿದೂರದ ಮಸೂರದಿಂದ ಮುಖವನ್ನು ಹತ್ತಿರಕ್ಕೆ ತರಬೇಕು.

ಹಿನ್ನೆಲೆಯನ್ನು ಮಸುಕಾಗಿಸಲು ಮಸೂರದ ಕಿಂಡಿಯನ್ನು ಪೂರ್ತಿಯಾಗಿ ತೆರೆಯುವವರೂ ಉಂಟು. 36 × 24 ಮಿಲಿಮೀಟರು ಗ್ರಾಹಕದ ಕ್ಯಾಮರಾದಲ್ಲಿ, 85 ಮಿಲಿಮೀಟರು ಮಸೂರವನ್ನು ಎಫ್/2ಕ್ಕೆ ತೆರೆದು 2 ಮೀಟರಿನಿಂದ ತೆಗೆದರೆ, ಸ್ಪಷ್ಟವಾಗಿ ಕಾಣುವ ಆಳ ಆರೇಳು ಸೆಂಟಿಮೀಟರು ಮಾತ್ರ. ಕಣ್ಣು ಸ್ಪಷ್ಟ, ಕಿವಿ ಮಸುಕು! ಎಫ್/4ಕ್ಕೆ ಇಳಿಸಿದರೆ ಆಳ ಇಮ್ಮಡಿಯಾಗುವುದು. ಏನೇ ಆಗಲಿ, ನಾಭಿಯನ್ನು ಹತ್ತಿರದ ಕಣ್ಣಿಗೇ ಹೊಂದಿಸಬೇಕು.

ಮುಖದ ಬಣ್ಣ

ನಮ್ಮ ದೊಡ್ಡ ತಪ್ಪು ಇಲ್ಲಿಯೇ ಇದ್ದಿತು. ಕ್ಯಾಮರಾದೊಳಗಿನ ಸಾಮಾನ್ಯ ಬೆಳಕುಮಾಪಕಕ್ಕೆ ಎದುರಿಗಿರುವುದು ಗೋಡೆಯೋ ಮನುಷ್ಯನೋ ತಿಳಿಯದು. ಎದುರಿನ ದೃಶ್ಯವೆಲ್ಲ ನಡುವಣ ಬೂದುಬಣ್ಣದ್ದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಭಾಗವನ್ನು ಹಿಂದಿರುಗಿಸುವುದು, ಎಂದು ಬಗೆದು ಅದು ಲೆಕ್ಕ ಹಾಕುತ್ತದೆ. ಬಿಳಿಯ ಗೋಡೆ ಎದುರಾದರೆ ಬೆಳಕು ಅತಿಯಾಯಿತೆಂದು ಎಣಿಸಿ ಎಲ್ಲವನ್ನೂ ಕುಗ್ಗಿಸುತ್ತದೆ. ಕಪ್ಪುಮುಖದ ವಿವರಗಳು ಆ ಕುಗ್ಗುವಿಕೆಯಲ್ಲಿ ಮುಳುಗುತ್ತವೆ. ಮುಳುಗಿಹೋದುದನ್ನು ಆಮೇಲೆ ಮೇಲೆತ್ತಿದರೆ ಬೂದಿಯೇ ಸಿಕ್ಕುವುದು.

ಯಂತ್ರಗಳ ಹಿಂದೆ ಮನುಷ್ಯರ ಆಯ್ಕೆಗಳೂ ಇರುತ್ತವೆ. ಕಳೆದ ಶತಮಾನದ ನಡುಭಾಗದಲ್ಲಿ ಕೊಡಾಕ್ ಸಂಸ್ಥೆಯು ಬಣ್ಣದ ಮುದ್ರಣವನ್ನು ಸರಿಹೊಂದಿಸಲು ಮುದ್ರಣಶಾಲೆಗಳಿಗೆ ಮಾದರಿ ಚಿತ್ರವೊಂದನ್ನು ಒದಗಿಸುತ್ತಿದ್ದಿತು. ಅದರಲ್ಲಿದ್ದುದು ಬಿಳಿಯ ಚರ್ಮದ ಹೆಂಗಸು; ಅದಕ್ಕೆ 'ಷರ್ಲಿ' ಎಂಬ ಹೆಸರೇ ನಿಂತಿತು. ಅವಳಿಗೆ ಒಪ್ಪುವುದು ಎಲ್ಲರಿಗೂ ಒಪ್ಪುವುದೆಂದು ಭಾವಿಸಲಾಗಿದ್ದಿತು. ಇಂದು ಎಷ್ಟೋ ಫೋನುಗಳ 'ಸೌಂದರ್ಯ'ದ ಗುಂಡಿ ಕೇಳದೆಯೇ ಮುಖವನ್ನು ಬೆಳ್ಳಗಾಗಿಸುತ್ತದೆ. ಡ್ರೇಪರ್ ಕೈಬಿಟ್ಟ ಹಿಟ್ಟನ್ನು ನಾವು ಮತ್ತೆ ಬಳಿಯುತ್ತಿದ್ದೇವೆ! ಅವರಿಗಾದರೂ ತಗಡಿನ ಮಂದತನದ ನೆಪವಿದ್ದಿತು. ನಮಗೆ ಅದೂ ಇಲ್ಲ.

ಪರಿಹಾರ ಸುಲಭವಾದುದು. ಆ ಗುಂಡಿಯನ್ನು ಆರಿಸಬೇಕು. ಬೆಳಕನ್ನು ಮುಖದ ಮೇಲೆಯೇ ಅಳೆಯಬೇಕು. ಫೋನಿನಲ್ಲಾದರೆ ಪರದೆಯ ಮೇಲೆ ಮುಖವನ್ನು ಮುಟ್ಟಿದರಾಯಿತು. ಅಳೆದ ಮೇಲೆ ಮುಖವನ್ನು ಅದರ ನಿಜವಾದ ಬಣ್ಣದೊಡನೆ ಕಣ್ಣಾರೆ ಹೋಲಿಸಿ ಬೆಳಕನ್ನು ಏರಿಸಿ ಇಳಿಸಬೇಕು. ಹಿಂದೆ ಬಿಳಿಯ ಗೋಡೆಗೆ ಬದಲಾಗಿ ನೆರಳಿನ ಗಿಡಮರಗಳೋ ಕಲ್ಲಿನ ಕಂಬವೋ ಇರಲಿ.

ಒಂದು ಸಂಜೆಯ ಯೋಜನೆ

ಹಿಂದಿನ ದಿನ ಅದೇ ಹೊತ್ತಿಗೆ ಕ್ಯಾಮರಾ ಇಲ್ಲದೆ ಆವರಣವನ್ನು ಸುತ್ತಿ, ಎಲ್ಲಿ ಎಂಥ ಬೆಳಕು ಬೀಳುವುದೆಂದು ಗುರುತಿಸಿಕೊಳ್ಳಿರಿ. ವಿಶ್ವವಿದ್ಯಾನಿಲಯದ ಅನುಮತಿ ಬೇಕಾಗುವ ಕಡೆ ಮೊದಲೇ ಕೇಳಿರಿ. ಚಿತ್ರವನ್ನು ಯಾರಿಗೆ ತೋರಿಸಬಹುದೆಂಬುದನ್ನು ಚಿತ್ರದ ವ್ಯಕ್ತಿಯೇ ತೀರ್ಮಾನಿಸಲಿ. ಮೂರು ಸ್ಥಳಗಳು ಸಾಕು: ನಾಲ್ಕೂವರೆಗೆ ಜಗಲಿ, ಐದೂಕಾಲಿಗೆ ಮರದಡಿ, ಕೊನೆಯ ಅರ್ಧ ಗಂಟೆ ಬಯಲು. ಗೆಳೆಯರೆಲ್ಲ ಸೇರಿ ನಿಂತಾಗ ಯಾರಾದರೊಬ್ಬರು ಕಣ್ಣು ಮುಚ್ಚುವುದು ಸಹಜ. ಇದನ್ನೂ ಆಸ್ಟ್ರೇಲಿಯದ ಇಬ್ಬರು ಗಣಿಸಿ 2006ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಬಹುಮಾನವನ್ನು ಪಡೆದರು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದು ಬೆಳಕು ಚೆನ್ನಾಗಿದ್ದರೆ ಜನಸಂಖ್ಯೆಯನ್ನು 3ರಿಂದ ಭಾಗಿಸಿರಿ. ಅಷ್ಟು ಚಿತ್ರಗಳನ್ನು ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣುಗಳೂ ತೆರೆದಿರುವ ಸಂಭವ ಹೆಚ್ಚು.

ನಮ್ಮ ಗೆಳೆಯನನ್ನು ಮುಂದಿನ ವಾರ ಮತ್ತೆ ಕರೆದೊಯ್ದೆವು. ಈ ಸಲ ಸಂಜೆ, ಜಗಲಿಯ ಅಂಚಿನಲ್ಲಿ, ಎರಡು ಮೀಟರು ದೂರದಿಂದ. ಪಂಚೆ ಹಿಡಿದು ನಿಂತಿದ್ದ ಸಹಪಾಠಿಯೊಬ್ಬನು ಏನನ್ನೋ ಹೇಳಿ ಅವನನ್ನು ನಗಿಸಿದನು. ಚಿತ್ರದಲ್ಲಿ ಮುಖ ಕಪ್ಪಾಗಿಯೇ ಇದ್ದಿತು. ಹಣೆಯ ಗಾಯದ ಕಲೆಯೂ ಇದ್ದಿತು. ಕಣ್ಣಿನಲ್ಲಿ ಮಾನಸಗಂಗೋತ್ರಿಯ ಸಂಜೆಯ ಆಕಾಶ ಸಾಸಿವೆಯಷ್ಟಾಗಿ ಹೊಳೆಯುತ್ತಿದ್ದಿತು. ಊರಿನಿಂದ ಅವನ ತಾಯಿ ಕೇಳಿಕಳುಹಿಸಿದುದು ಒಂದೇ ಮಾತು: "ಯಾಕೋ ಸೊರಗಿದ್ದೀಯೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿಲ್ಲವೇನೋ?"

ಗುರುತು ಸಿಕ್ಕಿದ್ದಿತು.