ಇದು ಮಾಡು

ಶಿಕ್ಷಣಕ್ಕೆ ಮಗುವೇ ಕೇಂದ್ರವಾಗಿರಬೇಕೆಂಬ ಮಾತನ್ನು ತರಬೇತಿಯ ದಿನಗಳಲ್ಲಿಯೇ ನಾವು ಕಂಠಪಾಠ ಮಾಡಿದ್ದೆವು. ಅದರ ಅರ್ಥವನ್ನು ತಿಳಿಸಿಕೊಟ್ಟದ್ದು ಒಂದನೆಯ ತರಗತಿಯ ಮಗುವಿನ ಸ್ಲೇಟು.

ತೇನಿ, ಬೋಡಿ, ಕಂಬಂ, ದಿಂಡಿಗಲ್ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಕಪ್ಪಿಲಿಯರು, ಅನುಪ್ಪರು ಮೊದಲಾದ ನಮ್ಮವರ ಮನೆಮಾತು ಕನ್ನಡ. ಶಾಲೆಯ ಹೊಸ್ತಿಲು ದಾಟಿದೊಡನೆ ಎಲ್ಲವೂ ತಮಿಳು. ಸುಮಾರು ಮೂವತ್ತು ವರ್ಷಗಳ ಹಿಂದೆ ಅಂತಹ ಮನೆಯ ಮಗುವೊಂದಕ್ಕೆ ಹಸುವಿನ ಚಿತ್ರವನ್ನು ತೋರಿಸಿ, ‘ಇದು ಮಾಡು’ ಎಂದು ಹೇಳಿಕೊಟ್ಟೆವು. ತಮಿಳಿನಲ್ಲಿ ‘ಮಾಡು’ ಎಂದರೆ ದನ. ಮಗು ಬಾಯಿ ತೆರೆಯದೆ ಬಳಪ ಹಿಡಿಯಿತು. ಪಾಠ ಕೇಳದೆ ಗೀಚುತ್ತಿದೆಯೆಂದು ಗದರಿಸಿದೆವು. ಅಂದಿನಿಂದ ಅದು ತುಟಿಪಿಟಕ್ಕೆನ್ನಲಿಲ್ಲ. ಮಂದಬುದ್ಧಿಯ ಮಗುವೆಂದು ನಾವೂ ಬಗೆದೆವು.

ಕೆಲವು ದಿನಗಳ ಮೇಲೆ ಅದೇ ಪಾಠವನ್ನು ಮತ್ತೆ ಹೇಳಿಕೊಟ್ಟೆವು. ಸಂಜೆ ಸ್ಲೇಟುಗಳನ್ನು ಜೋಡಿಸಿಡುವಾಗ ಆ ಮಗುವಿನದು ಕಣ್ಣಿಗೆ ಬಿತ್ತು. ಕೊಂಬು, ಬಾಲ, ಕೊರಳ ಹಗ್ಗ ಸಹಿತ ಒಂದು ಹಸು! ‘ಇದು ಮಾಡು’ ಎಂದಿದ್ದೆವು, ಮಗು ಮಾಡಿತ್ತು. ಮನೆಯಲ್ಲಿ ಕನ್ನಡವಾಡುವ ನಮಗೇ ನಮ್ಮ ಮಾತಿನೊಳಗಿನ ಕನ್ನಡ ಕೇಳಿಸಿರಲಿಲ್ಲ.

ಮರುದಿನ ಪಕ್ಕದಲ್ಲಿ ಕುಳಿತು, “ನಿಮ್ಮ ಮನೆಯ ಹಸುವಿನ ಹೆಸರೇನು, ಕಂದಾ?” ಎಂದು ಕನ್ನಡದಲ್ಲಿ ಕೇಳಿದೆವು. ಮಗು ಹಸುವಿನ ಹೆಸರನ್ನೂ ಹೇಳಿತು, ಕರುವಿನ ಹೆಸರನ್ನೂ ಹೇಳಿತು. ಕನ್ನಡದಲ್ಲಿ ಬಿಚ್ಚಿದ ಬಾಯಿಗೆ ಬರಬರುತ್ತ ತಮಿಳೂ ಒಲಿಯಿತು.

ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣಕ್ಕೆ ಮಾತೃಭಾಷೆಯೇ ಮಾಧ್ಯಮವಾಗಿತ್ತು. ಅವರ ಆದರ್ಶದಂತೆ ಡಾ. ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿಗಳು 1947ರಲ್ಲಿ ನಮ್ಮ ದಿಂಡಿಗಲ್ಲಿನ ಬಳಿಯೇ ಗಾಂಧಿಗ್ರಾಮವನ್ನು ಕಟ್ಟಿದರು. 2003ರಲ್ಲಿ ಚೆನ್ನೈ ನಗರಪಾಲಿಕೆಯ ಶಾಲೆಗಳಲ್ಲಿ ತೊಡಗಿ ಬಳಿಕ ತಮಿಳುನಾಡಿಗೆಲ್ಲ ಹಬ್ಬಿದ ಚಟುವಟಿಕೆಯ ಪದ್ಧತಿಯಲ್ಲಿ ಮಕ್ಕಳು ಚಾಪೆಯ ಮೇಲೆ ಕುಳಿತು, ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿತರು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಹೊಡೆತವನ್ನು ನಿಷೇಧಿಸಿತು. ಮಗುವಿಗೆ ಭಯವಿರಬಾರದೆಂದೂ, ಸಾಧ್ಯವಾದಮಟ್ಟಿಗೆ ಮಾತೃಭಾಷೆಯಲ್ಲಿಯೇ ಬೋಧಿಸಬೇಕೆಂದೂ ವಿಧಿಸಿತು.

ಇವೆಲ್ಲವೂ ಬೇಕು. ಆದರೆ ಕಾರ್ಡು ಮಗುವಿನ ಸ್ಲೇಟನ್ನು ನೋಡಲಾರದು. ಕಾಯ್ದೆಯು ಅದರ ಪಕ್ಕದಲ್ಲಿ ಕುಳಿತುಕೊಳ್ಳಲಾರದು. ಅದು ಅಕ್ಕರೆಯುಳ್ಳ ಮನುಷ್ಯನ ಕೆಲಸ.

ತಾಯಿತಂದೆಗಳಲ್ಲಿ ನಮ್ಮದೊಂದು ವಿನಂತಿ. ತಮಿಳು ಬಾರದೆಂಬ ಅಂಜಿಕೆಯಿಂದ ಮನೆಯ ಕನ್ನಡವನ್ನು ಕೈಬಿಡಬೇಡಿ. ಮಗುವನ್ನು ಶಾಲೆಗೆ ಸೇರಿಸುವ ದಿನವೇ ನಿಮ್ಮ ಮನೆಮಾತು ಯಾವುದೆಂದು ಉಪಾಧ್ಯಾಯರಿಗೆ ತಿಳಿಸಿರಿ. ನಾವು ತಡವಾಗಿ ನೋಡಿದ ಸ್ಲೇಟನ್ನು ಅವರು ಮೊದಲ ದಿನವೇ ನೋಡುವಂತಾಗಲಿ.